ಆರು ಧ್ವನಿಗಳ ಹಾದಿ

ಮನುಷ್ಯನಿಗಿರುವ ಕಿವಿಗಳು ಎರಡೇ. ಆದರೂ ಕತ್ತಲೆಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಅವನು ಆ ಕಡೆಗೇ ತಿರುಗುತ್ತಾನೆ. ತಲೆಯ ಮೇಲೆ ಕೂಗುತ್ತ ಹಾರಿದ ಹಕ್ಕಿಯು ಎಡದಿಂದ ಬಲಕ್ಕೆ ಹೋಯಿತೋ ಬಲದಿಂದ ಎಡಕ್ಕೆ ಹೋಯಿತೋ ಎಂಬುದನ್ನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲನು. ಒಂದೇ ಧ್ವನಿವರ್ಧಕದಿಂದ ಹೊರಡುವ ಸಂಗೀತದಲ್ಲಾಗಲಿ ಸಂಭಾಷಣೆಯಲ್ಲಾಗಲಿ ಈ ದಿಕ್ಕಿನ ಅರಿವು ಅಳಿಸಿಹೋಗುತ್ತದೆ. ಅದನ್ನು ಮರಳಿ ಪಡೆಯುವ ಪ್ರಯತ್ನ ಇಂದು ನಿನ್ನೆಯದಲ್ಲ. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ 1931ರಲ್ಲಿಯೇ ಎರಡು ವಾಹಿನಿಗಳ ಧ್ವನಿಮುದ್ರಣಕ್ಕೆ ಪೇಟೆಂಟ್ ಕೋರಿದನು. 1940ರಲ್ಲಿ ವಾಲ್ಟ್ ಡಿಸ್ನಿಯ ‘ಫ್ಯಾಂಟೇಸಿಯ’ ಚಿತ್ರವು ಬಹುವಾಹಿನಿಯ ಧ್ವನಿಯೊಡನೆ ಪ್ರದರ್ಶಿತವಾಯಿತು. 1992ರಲ್ಲಿ ತೆರೆಗೆ ಬಂದ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಡನೆ, ಆರು ವಾಹಿನಿಗಳ ಧ್ವನಿಯನ್ನು ಸಂಖ್ಯೆಗಳ ರೂಪದಲ್ಲಿ ಹೊರುವ ಡಾಲ್ಬಿ ಡಿಜಿಟಲ್ ಪದ್ಧತಿಯು ಚಿತ್ರಮಂದಿರವನ್ನು ಪ್ರವೇಶಿಸಿತು.

ಚಿತ್ರಮಂದಿರದ ಆ ಏರ್ಪಾಡು ಇಂದು ಮನೆಯ ಹಜಾರಕ್ಕೂ ಬಂದಿದೆ. ಕೇಳುವವನ ಎದುರಿಗೆ ಮೂರು, ಹಿಂಬದಿಗೆ ಎರಡು ಸ್ಪೀಕರುಗಳು. ಗುಡುಗಿನಂಥ ತಗ್ಗಿದ ಸ್ವರಗಳಿಗಾಗಿ ಸಬ್‌ವೂಫರ್ ಎಂಬ ಇನ್ನೊಂದು. ಈ ಆರನೆಯ ವಾಹಿನಿಯು ಸೆಕೆಂಡಿಗೆ ಸುಮಾರು 120 ಕಂಪನಗಳವರೆಗಿನ ಸ್ವರಗಳನ್ನು ಮಾತ್ರ ಒಯ್ಯುವುದರಿಂದ, ಅದನ್ನು ಪೂರ್ಣ ವಾಹಿನಿಯೆಂದು ಎಣಿಸದೆ ಇಡೀ ಏರ್ಪಾಡಿಗೆ ‘5.1’ ಎಂದು ಹೆಸರಿಟ್ಟಿದ್ದಾರೆ. ಇವೆಲ್ಲಕ್ಕೂ ಶಕ್ತಿಯನ್ನು ಹಂಚುವ ಪೆಟ್ಟಿಗೆಗೆ ರಿಸೀವರು ಎಂದು ಹೆಸರು.

ಈಗ, ಚಲಚ್ಚಿತ್ರಗಳನ್ನೂ ಆಟಗಳನ್ನೂ ತನ್ನೊಳಗಿಟ್ಟುಕೊಂಡಿರುವ ಕಂಪ್ಯೂಟರನ್ನು ಈ ರಿಸೀವರಿಗೆ ಜೋಡಿಸಬೇಕೆಂದು ವಿದ್ಯಾರ್ಥಿಯೊಬ್ಬನು ಹೊರಡುತ್ತಾನೆಂದು ಭಾವಿಸೋಣ. ಕೇಬಲ್ಲನ್ನು ಸಿಕ್ಕಿಸಿದ ಕೂಡಲೆ ಎದುರಿನ ಸ್ಪೀಕರುಗಳು ಮಾತನಾಡುತ್ತವೆ. ಹಿಂದಿನವು ಮೌನ ತಾಳುತ್ತವೆ. ಅಂಗಡಿಯವನು ಇನ್ನೂ ಬೆಲೆಯುಳ್ಳ, ಚಿನ್ನದ ಲೇಪವಿರುವ ಕೇಬಲ್ಲನ್ನು ಮಾರುತ್ತಾನೆ. ಹಣ ಹೋಗುತ್ತದೆ, ಮೌನ ಉಳಿಯುತ್ತದೆ. ಈ ಮೌನಕ್ಕೆ ಕಾರಣವು ಅನೇಕ ವೇಳೆ ಕೇಬಲ್ಲಿನ ದೋಷವಲ್ಲ, ಗುಣಾಕಾರದ ಒಂದು ಸಣ್ಣ ಲೆಕ್ಕ. ಆ ಲೆಕ್ಕವನ್ನು ಮಾಡಬಲ್ಲವನು ಕೇಬಲ್ಲನ್ನು ಕೊಳ್ಳುವ ಮೊದಲೇ ಫಲವನ್ನು ಹೇಳಬಲ್ಲನು. ಅದನ್ನೇ ಇಲ್ಲಿ ವಿಚಾರ ಮಾಡೋಣ.

ಕಿವಿಯು ದಿಕ್ಕನ್ನು ಅರಿಯುವ ಬಗೆ

ಇಷ್ಟೊಂದು ಸ್ಪೀಕರುಗಳಾದರೂ ಏಕೆ? ಶಬ್ದವು ನಮ್ಮ ಬಲಗಡೆಯಿಂದ ಬಂದರೆ ಬಲಗಿವಿಯನ್ನು ಮೊದಲು ಮುಟ್ಟುತ್ತದೆ. ತಲೆಯನ್ನು ಬಳಸಿಕೊಂಡು ಎಡಗಿವಿಯನ್ನು ಮುಟ್ಟಲು ಸುಮಾರು 22 ಸೆಂಟಿಮೀಟರ್ ಹೆಚ್ಚು ದೂರ ಹೋಗಬೇಕು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 346 ಮೀಟರ್. ಆದುದರಿಂದ ಎರಡು ಕಿವಿಗಳ ನಡುವಣ ಕಾಲದ ಅಂತರವು ಅತಿ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮೂರನೆಯ ಎರಡು ಪಾಲಿನಷ್ಟಾಗುತ್ತದೆ. ಇಷ್ಟು ಸೂಕ್ಷ್ಮವಾದ ಅಂತರವನ್ನು ಗುರುತಿಸಿ ಮಿದುಳು ದಿಕ್ಕನ್ನು ನಿರ್ಣಯಿಸುತ್ತದೆ ಎಂಬುದು ಅಚ್ಚರಿಯ ಸಂಗತಿಯೇ ಸರಿ.

ಏರಿದ ಸ್ವರಗಳಲ್ಲಿ ಇನ್ನೊಂದು ಸೂಚನೆಯೂ ದೊರೆಯುತ್ತದೆ. ಸೆಕೆಂಡಿಗೆ 5,000 ಕಂಪನಗಳುಳ್ಳ ಶಬ್ದದ ತರಂಗದೂರವು ಸುಮಾರು 7 ಸೆಂಟಿಮೀಟರ್ ಮಾತ್ರ. ಅದಕ್ಕೆ ನಮ್ಮ ತಲೆಯೇ ದೊಡ್ಡ ಅಡ್ಡಗೋಡೆ. ಆಚೆಯ ಕಿವಿಯು ಶಬ್ದದ ನೆರಳಿನಲ್ಲಿರುತ್ತದೆ, ಅದಕ್ಕೆ ಕೇಳಿಸುವುದು ಮೆಲ್ಲಗೆ. ತಗ್ಗಿದ ಸ್ವರಗಳಲ್ಲಿ ತರಂಗದ ಗತಿಭೇದದಿಂದಲೂ ಏರಿದ ಸ್ವರಗಳಲ್ಲಿ ಶಬ್ದಬಲದ ಭೇದದಿಂದಲೂ ದಿಕ್ಕು ತಿಳಿಯುತ್ತದೆ ಎಂಬ ವಿವರಣೆಯನ್ನು ಲಾರ್ಡ್ ರ‍್ಯಾಲೆಯು 1907ರಲ್ಲಿ ಮುಂದಿಟ್ಟನು. ಮುಂದು ಯಾವುದು, ಹಿಂದು ಯಾವುದು ಎಂಬುದನ್ನು ಬೇರ್ಪಡಿಸಲು ಹೊರಗಿವಿಯ ಆಕಾರವೂ ತಲೆಯ ಅಲ್ಪ ಚಲನೆಯೂ ನೆರವಾಗುತ್ತವೆ.

ಎದುರಿನ ಎರಡೇ ಸ್ಪೀಕರುಗಳಿಂದ ಎಡಬಲಗಳ ಭ್ರಮೆಯನ್ನು ಹುಟ್ಟಿಸಬಹುದು. ಹಿಂದಿನಿಂದ ಬಂದ ಹೆಜ್ಜೆಯ ಸಪ್ಪಳವನ್ನು ಹುಟ್ಟಿಸುವುದು ಕಷ್ಟ. ಆದುದರಿಂದಲೇ ಹಿಂಬದಿಯ ಜೋಡಿ ಬೇಕಾಗುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ, ಕೇಳುವವನ ನೇರ ಎದುರಿಗೆ ಒಂದು ಸ್ಪೀಕರು, ಅದರಿಂದ 30 ಡಿಗ್ರಿ ಕೋನದಲ್ಲಿ ಎಡಬಲಗಳಿಗೆ ಒಂದೊಂದು, 100ರಿಂದ 120 ಡಿಗ್ರಿಯ ನಡುವೆ ಹಿಂಬದಿಯ ಎರಡು ಇರಬೇಕು. ಸಬ್‌ವೂಫರಿಗೆ ಮಾತ್ರ ಇಂಥ ಕಟ್ಟುನಿಟ್ಟಿಲ್ಲ. ಸೆಕೆಂಡಿಗೆ 80 ಕಂಪನಗಳ ಸ್ವರದ ತರಂಗದೂರವು 4 ಮೀಟರಿಗೂ ಹೆಚ್ಚು. ಅದಕ್ಕೆ ತಲೆಯು ನೆರಳೊಡ್ಡಲಾರದು, ಕೋಣೆಯೊಳಗೆ ಅದರ ದಿಕ್ಕು ಕಿವಿಗೆ ಸ್ಪಷ್ಟವಾಗದು.

ಶಬ್ದವು ಸಂಖ್ಯೆಯಾಗುವುದು

ಕಂಪ್ಯೂಟರಿನೊಳಗೆ ಶಬ್ದವೆಂಬುದಿಲ್ಲ, ಇರುವುದು ಸಂಖ್ಯೆಗಳ ಸಾಲು. ಗಾಳಿಯ ಒತ್ತಡದ ಏರಿಳಿತವನ್ನು ಸಮಾನ ಕಾಲಾವಧಿಗಳಲ್ಲಿ ಅಳೆದು, ಪ್ರತಿಯೊಂದು ಅಳತೆಯನ್ನೂ ಸಂಖ್ಯೆಯಾಗಿ ಬರೆದಿಡುವ ಈ ಕ್ರಮವನ್ನು 1930ರ ದಶಕದ ಉತ್ತರಾರ್ಧದಲ್ಲಿ, ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಆಂಗ್ಲ ಎಂಜಿನಿಯರ್ ಅಲೆಕ್ ರೀವ್ಸ್ ರೂಪಿಸಿದನು. ಅಳತೆಗಳ ನಡುವಣ ಏರಿಳಿತವು ಕಳೆದುಹೋಗುವುದಿಲ್ಲವೇ ಎಂಬ ಸಂದೇಹ ಸಹಜವಾದುದು. ಹ್ಯಾರಿ ನೈಕ್ವಿಸ್ಟನ 1928ರ ಪ್ರಬಂಧ ಮತ್ತು ಕ್ಲಾಡ್ ಶಾನನ್ನನ 1949ರ ಪ್ರಬಂಧ ಇದಕ್ಕೆ ಉತ್ತರ ನೀಡುತ್ತವೆ: ಶಬ್ದದಲ್ಲಿರುವ ಅತ್ಯಂತ ಏರಿದ ಸ್ವರದ ಕಂಪನಸಂಖ್ಯೆಯ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆದರೆ, ಆ ಅಳತೆಗಳಿಂದಲೇ ಮೂಲ ತರಂಗವನ್ನು ಪುನಃ ರಚಿಸಬಹುದು. ಮನುಷ್ಯನ ಕಿವಿಯ ಮೇಲಿನ ಎಲ್ಲೆ ಸೆಕೆಂಡಿಗೆ ಸುಮಾರು 20,000 ಕಂಪನಗಳು. ಆದುದರಿಂದ ಚಲಚ್ಚಿತ್ರಗಳ ಧ್ವನಿಗೆ ಸೆಕೆಂಡಿಗೆ 48,000 ಅಳತೆಗಳು ರೂಢಿಗೆ ಬಂದಿವೆ.

ಪ್ರತಿಯೊಂದು ಅಳತೆಯನ್ನು ಸೊನ್ನೆ ಮತ್ತು ಒಂದುಗಳ 16 ಸ್ಥಾನಗಳಲ್ಲಿ, ಅಂದರೆ 16 ಬಿಟ್‌ಗಳಲ್ಲಿ ಬರೆದರೆ 65,536 ಬೇರೆ ಬೇರೆ ಮಟ್ಟಗಳನ್ನು ಗುರುತಿಸಬಹುದು. ಇನ್ನು ನಮ್ಮ ಲೆಕ್ಕ ಸುಲಭ. ಎರಡು ವಾಹಿನಿಗಳಿಗೆ ಸೆಕೆಂಡಿಗೆ 48,000 × 16 × 2, ಅಂದರೆ 15,36,000 ಬಿಟ್‌ಗಳು ಬೇಕು. ಆರು ವಾಹಿನಿಗಳಿಗೆ ಇದರ ಮೂರು ಪಟ್ಟು, 46,08,000 ಬಿಟ್‌ಗಳು. ಈ ಎರಡು ಸಂಖ್ಯೆಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇವುಗಳಲ್ಲಿಯೇ ಅಡಗಿದೆ.

ಸಂಖ್ಯೆಯನ್ನು ಸ್ಪೀಕರು ಓದಲಾರದು. ಅದಕ್ಕೆ ಬೇಕಾದುದು ಏರಿಳಿಯುವ ವಿದ್ಯುತ್ಪ್ರವಾಹ. ಸಂಖ್ಯೆಯು ಎಲ್ಲಿಯಾದರೊಂದು ಕಡೆ ವೋಲ್ಟೇಜಾಗಿ ಮಾರ್ಪಡಲೇಬೇಕು. ಜೋಡಿಸುವ ಹಾದಿ ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆಗಳು ಎರಡು: ಈ ಮಾರ್ಪಾಡು ಎಲ್ಲಿ ನಡೆಯುತ್ತದೆ? ಅಲ್ಲಿಯವರೆಗಿನ ಹಾದಿಯು ಸೆಕೆಂಡಿಗೆ ಎಷ್ಟು ಸಂಖ್ಯೆಗಳನ್ನು ಒಯ್ಯಬಲ್ಲದು?

ಮೊದಲನೆಯ ಹಾದಿ: ಮೂರು ಪ್ಲಗ್ಗುಗಳು

ಮೇಜಿನ ಮೇಲಿಡುವ ಅನೇಕ ಕಂಪ್ಯೂಟರುಗಳ ಹಿಂಬದಿಯಲ್ಲಿ ಬಣ್ಣಬಣ್ಣದ ಸಣ್ಣ ತೂತುಗಳಿರುತ್ತವೆ. ಹಸಿರು ಎದುರಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ನಡುವಣ ಸ್ಪೀಕರು ಮತ್ತು ಸಬ್‌ವೂಫರಿಗೆ ಮೀಸಲು. ಒಂದೊಂದು ಪ್ಲಗ್ಗೂ ಎರಡೆರಡು ವಾಹಿನಿಗಳನ್ನು ಒಯ್ಯುವುದರಿಂದ ಮೂರು ಸೇರಿ ಆರಾಗುತ್ತವೆ. ಇಲ್ಲಿ ಸಂಖ್ಯೆಯು ವೋಲ್ಟೇಜಾಗುವುದು ಕಂಪ್ಯೂಟರಿನೊಳಗೇ. ಕೇಬಲ್ಲಿನಲ್ಲಿ ಹರಿಯುವುದು ಶಬ್ದತರಂಗದ ವಿದ್ಯುತ್ ಪ್ರತಿರೂಪವಾದುದರಿಂದ, ಬಿಟ್‌ಗಳ ಇಕ್ಕಟ್ಟು ಈ ಹಾದಿಯಲ್ಲಿ ಇಲ್ಲ. ಚಲಚ್ಚಿತ್ರವಾಗಲಿ ಆಟವಾಗಲಿ ಆರು ಧ್ವನಿಗಳೂ ಹೋಗುತ್ತವೆ.

ಆದರೆ ಇದಕ್ಕೆ ಮೂರು ತೊಡಕುಗಳುಂಟು. ಕಂಪ್ಯೂಟರಿನೊಳಗಿನ ವೇಗದ ವಿದ್ಯುತ್ ಸ್ಪಂದನಗಳು ಈ ಮೃದುವಾದ ವೋಲ್ಟೇಜಿನಲ್ಲಿ ಬೆರೆತು ಸಣ್ಣ ಸದ್ದಾಗಿ ಕೇಳಿಸಬಹುದು. ರಿಸೀವರಿನಲ್ಲಿ ಆರು ವಾಹಿನಿಗಳಿಗೂ ಪ್ರತ್ಯೇಕ ಕಿಂಡಿಗಳಿರಬೇಕು; ಹಲವು ಹೊಸ ರಿಸೀವರುಗಳಲ್ಲಿ ಅವು ಇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಒಂದೇ ತೂತಿರುವುದರಿಂದ, ಯುಎಸ್‌ಬಿ ಕಿಂಡಿಗೆ ಜೋಡಿಸುವ ಪ್ರತ್ಯೇಕ ಸೌಂಡ್ ಕಾರ್ಡು ಬೇಕಾಗುತ್ತದೆ.

ಎರಡನೆಯ ಹಾದಿ: ಬೆಳಕಿನ ಎಳೆ

ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಸೇರಿ ರೂಪಿಸಿದ ಎಸ್‌ಪಿಡಿಐಎಫ್ ಎಂಬ ಕ್ರಮದಲ್ಲಿ ಕಂಪ್ಯೂಟರಿನಿಂದ ಸಂಖ್ಯೆಗಳೇ ಹೊರಡುತ್ತವೆ. ಮಾರ್ಪಾಡು ನಡೆಯುವುದು ರಿಸೀವರಿನಲ್ಲಿ. ಈ ಸಂಖ್ಯೆಗಳನ್ನು ತಾಮ್ರದ ತಂತಿಯಲ್ಲಿಯೂ ಕಳುಹಿಸಬಹುದು, ತೋಷಿಬಾ ಕಂಪನಿಯು 1983ರಲ್ಲಿ ಹೊರತಂದ ಟಾಸ್‌ಲಿಂಕ್ ಎಂಬ ಪ್ಲಾಸ್ಟಿಕ್ ಎಳೆಯಲ್ಲಿ ಕೆಂಪು ಬೆಳಕಿನ ಮಿನುಗಾಗಿಯೂ ಕಳುಹಿಸಬಹುದು. ಎಳೆಯ ತುದಿಯಲ್ಲಿ ಕೆಂಪಗೆ ಹೊಳೆಯುವ ಚುಕ್ಕೆಯನ್ನು ಕಂಡವರು, ಬೆಳಕಿನ ವೇಗಕ್ಕೆ ಅಸಾಧ್ಯವೇನಿದೆ ಎಂದು ಭಾವಿಸುವುದು ಸಹಜ.

ತೊಡಕಿರುವುದು ಬೆಳಕಿನಲ್ಲಲ್ಲ, ಸಂಖ್ಯೆಗಳನ್ನು ಕಳುಹಿಸುವ ನಿಯಮದಲ್ಲಿ. ಎಸ್‌ಪಿಡಿಐಎಫ್ ಕ್ರಮವನ್ನು ಎರಡೇ ಪೀಠಗಳುಳ್ಳ ಬಂಡಿಗಳ ಸಾಲಿಗೆ ಹೋಲಿಸಬಹುದು. ಸೆಕೆಂಡಿಗೆ 48,000 ಬಂಡಿಗಳು ಹೊರಡುತ್ತವೆ; ಒಂದೊಂದರಲ್ಲಿಯೂ ಎಡ ವಾಹಿನಿಯ ಒಂದು ಅಳತೆ, ಬಲ ವಾಹಿನಿಯ ಒಂದು ಅಳತೆ. ಒಂದು ಪೀಠದಲ್ಲಿ ಹಿಡಿಯುವುದು ಹೆಚ್ಚೆಂದರೆ 24 ಬಿಟ್‌ಗಳು. ಹಾಗಾದರೆ ಇಡೀ ಸಾಲು ಒಯ್ಯಬಲ್ಲುದು ಸೆಕೆಂಡಿಗೆ 23,04,000 ಬಿಟ್‌ಗಳ ಧ್ವನಿಯನ್ನು. ನಮ್ಮ ಆರು ವಾಹಿನಿಗಳಿಗೆ ಬೇಕಾದುದು 46,08,000. ಹಿಂದಿನ ಸ್ಪೀಕರುಗಳ ಮೌನಕ್ಕೆ ಇದೇ ಕಾರಣ. ಕೇಬಲ್ಲಿಗೆ ಚಿನ್ನ ಬಳಿದರೆ ಬಂಡಿಯಲ್ಲಿ ಪೀಠ ಹೆಚ್ಚುವುದಿಲ್ಲ. ಸಂಖ್ಯೆಗಳು ತಪ್ಪಿಲ್ಲದೆ ತಲಪುತ್ತಿದ್ದರೆ, ಹೆಚ್ಚು ಬೆಲೆಯ ಕೇಬಲ್ಲು ಅವುಗಳನ್ನು ಇನ್ನಷ್ಟು ಸರಿಪಡಿಸಲಾರದು.

ಆದರೆ ಇದೇ ಎಳೆಯಲ್ಲಿ ಡಿವಿಡಿಯ ಚಲಚ್ಚಿತ್ರವನ್ನು ಕಳುಹಿಸಿದಾಗ ಆರು ಸ್ಪೀಕರುಗಳೂ ಮಾತನಾಡುವುದುಂಟು! ಇದರ ಮರ್ಮವೇನು? ದೊಡ್ಡ ಸದ್ದಿನ ಪಕ್ಕದಲ್ಲಿರುವ ಸಣ್ಣ ಸದ್ದು ನಮ್ಮ ಕಿವಿಗೆ ಕೇಳಿಸುವುದಿಲ್ಲ. ಸಂತೆಯ ಗದ್ದಲದಲ್ಲಿ ಕೈಗಡಿಯಾರದ ಟಿಕ್ ಟಿಕ್ ಯಾರಿಗೆ ತಾನೆ ಕೇಳಿಸೀತು? ಕೇಳಿಸದೆ ಹೋಗುವ ಇಂಥ ವಿವರಗಳಿಗೆ ಬಿಟ್‌ಗಳನ್ನು ವ್ಯಯಮಾಡದೆ ಉಳಿಸಿ, ಡಾಲ್ಬಿ ಡಿಜಿಟಲ್ ಪದ್ಧತಿಯು ಡಿವಿಡಿಯಲ್ಲಿ ಆರು ವಾಹಿನಿಗಳನ್ನು ಸೆಕೆಂಡಿಗೆ ಹೆಚ್ಚೆಂದರೆ 4,48,000 ಬಿಟ್‌ಗಳಲ್ಲಿ ಅಡಕಮಾಡುತ್ತದೆ. ಇದು ನಮ್ಮ ಲೆಕ್ಕದ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಈ ಗಂಟನ್ನು ಬಿಚ್ಚದೆ ಹಾಗೆಯೇ ಬಂಡಿಗೇರಿಸಿದರೆ ಸ್ಥಳವು ಮಿಕ್ಕುತ್ತದೆ. ಬಿಚ್ಚುವ ಕೆಲಸ ರಿಸೀವರಿನದು.

ಆಟಗಳ ವಿಷಯ ಬೇರೆ. ಅಲ್ಲಿ ಶತ್ರುವಿನ ಹೆಜ್ಜೆಯ ಸದ್ದು ಎಡಗಡೆಯಿಂದ ಬರಬೇಕೋ ಹಿಂದಿನಿಂದ ಬರಬೇಕೋ ಎಂಬುದು ಆಡುವವನು ತಿರುಗಿದಂತೆ ಆ ಕ್ಷಣದಲ್ಲಿಯೇ ನಿರ್ಣಯವಾಗುತ್ತದೆ. ಮೊದಲೇ ಕಟ್ಟಿಟ್ಟ ಗಂಟು ಇಲ್ಲದಿರುವುದರಿಂದ ಕಂಪ್ಯೂಟರು ಎದುರಿನ ಎರಡು ವಾಹಿನಿಗಳನ್ನಷ್ಟೇ ಬಂಡಿಗೆ ಏರಿಸುತ್ತದೆ. ಡಾಲ್ಬಿ ಡಿಜಿಟಲ್ ಲೈವ್ ಅಥವಾ ಡಿಟಿಎಸ್ ಕನೆಕ್ಟ್ ಎಂಬ, ಆಗಿಂದಾಗಲೇ ಗಂಟು ಕಟ್ಟುವ ಸೌಕರ್ಯವು ಕಂಪ್ಯೂಟರಿನ ಧ್ವನಿವಿಭಾಗದಲ್ಲಿದ್ದರೆ ಮಾತ್ರ ಈ ಎಳೆಯಲ್ಲಿ ಆಟದ ಆರು ಧ್ವನಿಗಳನ್ನೂ ಪಡೆಯಬಹುದು.

ಮೂರನೆಯ ಹಾದಿ: ಚಿತ್ರದೊಡನೆ ಧ್ವನಿ

ಹಿಟಾಚಿ, ಪ್ಯಾನಸೋನಿಕ್, ಫಿಲಿಪ್ಸ್, ಸೋನಿ, ತೋಷಿಬಾ ಮೊದಲಾದ ಕಂಪನಿಗಳು ಸೇರಿ 2002ರಲ್ಲಿ ಹೊರತಂದ ಎಚ್‌ಡಿಎಂಐ ಎಂಬ ಕ್ರಮವು ಈ ಇಕ್ಕಟ್ಟನ್ನು ಪರಿಹರಿಸಿತು. ಚಲಿಸುವ ಚಿತ್ರವನ್ನು ಒಯ್ಯುವ ಕೇಬಲ್ಲಿಗೆ ಧ್ವನಿಯು ಹಗುರವಾದ ಹೊರೆ. ಚಿತ್ರದ ಒಂದು ಸಾಲು ಮುಗಿದು ಇನ್ನೊಂದು ಆರಂಭವಾಗುವ ನಡುವೆ ದೊರೆಯುವ ವಿರಾಮದಲ್ಲಿ ಧ್ವನಿಯ ಸಂಖ್ಯೆಗಳನ್ನು ಸೇರಿಸಿ ಕಳುಹಿಸುತ್ತಾರೆ. ಎಂಟು ವಾಹಿನಿಗಳು, ಒಂದೊಂದಕ್ಕೂ ಸೆಕೆಂಡಿಗೆ 1,92,000 ಅಳತೆಗಳು, ಒಂದೊಂದು ಅಳತೆಗೂ 24 ಬಿಟ್‌ಗಳು: ಗುಣಿಸಿದರೆ ಸೆಕೆಂಡಿಗೆ 3,68,64,000 ಬಿಟ್‌ಗಳಾಗುತ್ತವೆ. ನಮಗೆ ಬೇಕಾದುದರ ಎಂಟು ಪಟ್ಟು! ಆದುದರಿಂದ ಗಂಟು ಕಟ್ಟುವ ಅಗತ್ಯವಿಲ್ಲದೆ ಆಟದ ಧ್ವನಿಯೂ ಚಿತ್ರದ ಧ್ವನಿಯೂ ಇದರಲ್ಲಿ ಹೋಗುತ್ತವೆ.

ಆದರೂ ಕೆಲವು ಮನೆಗಳಲ್ಲಿ ಎಚ್‌ಡಿಎಂಐ ಜೋಡಿಸಿದ ಮೇಲೆಯೂ ಹಿಂದಿನ ಸ್ಪೀಕರುಗಳು ಮೌನವಾಗಿಯೇ ಇರುತ್ತವೆ. ಕೇಬಲ್ಲನ್ನು ಸಿಕ್ಕಿಸಿದ ಕೂಡಲೆ ಕಂಪ್ಯೂಟರು ಎದುರಿನ ಯಂತ್ರದ ಪರಿಚಯವನ್ನು ಕೇಳುತ್ತದೆ. ಆ ಯಂತ್ರವು ತಾನು ಎಂಥ ಚಿತ್ರವನ್ನು ತೋರಿಸಬಲ್ಲೆ, ಎಷ್ಟು ವಾಹಿನಿಗಳನ್ನು ಸ್ವೀಕರಿಸಬಲ್ಲೆ ಎಂಬ ವಿವರವನ್ನು ಒಪ್ಪಿಸುತ್ತದೆ. ಕಂಪ್ಯೂಟರನ್ನು ಮೊದಲು ಟಿ.ವಿ.ಗೆ ಜೋಡಿಸಿ, ಟಿ.ವಿ.ಯಿಂದ ರಿಸೀವರಿಗೆ ಇನ್ನೊಂದು ಕೇಬಲ್ಲನ್ನು ಎಳೆದಿದ್ದರೆ, ಉತ್ತರ ಹೇಳುವುದು ಟಿ.ವಿ.; ಅದರ ಉತ್ತರವು ಅನೇಕ ವೇಳೆ ‘ಎರಡು’ ಎಂಬುದೇ. ಕಂಪ್ಯೂಟರು ಅದನ್ನು ನಂಬಿ ಎರಡನ್ನೇ ಕಳುಹಿಸುತ್ತದೆ. ಇದಲ್ಲದೆ, ಟಿ.ವಿ.ಯಿಂದ ರಿಸೀವರಿಗೆ ಧ್ವನಿಯನ್ನು ಹಿಮ್ಮೊಗವಾಗಿ ಕಳುಹಿಸಲು 2009ರಲ್ಲಿ ಬಂದ ‘ಆರ್ಕ್’ ಎಂಬ ಏರ್ಪಾಡಿಗೂ ಬೆಳಕಿನ ಎಳೆಯಷ್ಟೇ ಇಕ್ಕಟ್ಟು. 2017ರಲ್ಲಿ ಪ್ರಕಟವಾದ ‘ಇ-ಆರ್ಕ್’ ಏರ್ಪಾಡಿನಲ್ಲಿ ಎಂಟು ವಾಹಿನಿಗಳಿಗೆ ಸ್ಥಳ ದೊರೆಯಿತು. ಹೀಗಾಗಿ ಕಂಪ್ಯೂಟರಿನಿಂದ ರಿಸೀವರಿಗೆ, ರಿಸೀವರಿನಿಂದ ಟಿ.ವಿ.ಗೆ ಎಂಬ ಕ್ರಮವೇ ಮೇಲು. ಅನಂತರ ಕಂಪ್ಯೂಟರಿನ ಧ್ವನಿಯ ಸೆಟ್ಟಿಂಗಿನಲ್ಲಿ ರಿಸೀವರನ್ನು ಆರಿಸಿ, ಸ್ಪೀಕರುಗಳ ಸಂಖ್ಯೆಯನ್ನು 5.1 ಎಂದು ಸೂಚಿಸಬೇಕು.

ಗುಂಯ್‌ಗುಟ್ಟುವ ಸದ್ದು

ತಾಮ್ರದ ತಂತಿಯಿಂದ ಜೋಡಿಸಿದಾಗ ಕೆಲವೊಮ್ಮೆ ಎಲ್ಲ ಸ್ಪೀಕರುಗಳಿಂದಲೂ ಒಂದೇ ಸಮನೆ ಗುಂಯ್ ಎಂಬ ಸದ್ದು ಹೊರಡುತ್ತದೆ. ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳುಳ್ಳದ್ದು. ಈ ಸದ್ದಿನ ಮೂಲವೂ ಅದೇ. ಕಂಪ್ಯೂಟರಿನ ಲೋಹದ ಮೈಯನ್ನು ಮೂರು ಕಡ್ಡಿಗಳ ಪ್ಲಗ್ಗಿನ ಮೂಲಕ ಭೂಮಿಗೆ ಜೋಡಿಸಿರುತ್ತಾರೆ. ರಿಸೀವರು ಟಿ.ವಿ.ಯ ಕೇಬಲ್ಲಿನ ಮೂಲಕವೋ ಬೇರೆ ಸಾಕೆಟ್ಟಿನ ಮೂಲಕವೋ ಇನ್ನೊಂದು ಕಡೆಯಲ್ಲಿ ಭೂಮಿಯನ್ನು ಸೇರಿರಬಹುದು. ಇವೆರಡನ್ನೂ ಧ್ವನಿಯ ಕೇಬಲ್ಲು ಜೋಡಿಸಿದಾಗ ಒಂದು ವಿದ್ಯುತ್ ಬಳೆ ಪೂರ್ಣವಾಗುತ್ತದೆ. ಅದರಲ್ಲಿ ಹರಿಯುವ ಅಲ್ಪ ಪ್ರವಾಹವೂ ವರ್ಧಕದಲ್ಲಿ ಹಿಗ್ಗಿ ಕಿವಿಗೆ ಕೇಳಿಸುತ್ತದೆ.

ಈ ಸದ್ದನ್ನು ಅಡಗಿಸಲು ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನೇ ಕಿತ್ತುಹಾಕುವವರುಂಟು. ಸದ್ದೇನೋ ನಿಲ್ಲಬಹುದು. ಆದರೆ ಯಂತ್ರದೊಳಗೆ ತಂತಿಯೊಂದು ಕಳಚಿ ಲೋಹದ ಮೈಯನ್ನು ಮುಟ್ಟಿದ ದಿನ, ಭೂಮಿಗೆ ಹರಿದುಹೋಗಬೇಕಾದ ಪ್ರವಾಹವು ಅದನ್ನು ಮುಟ್ಟಿದವನ ದೇಹದ ಮೂಲಕ ಹರಿಯುತ್ತದೆ. 230 ವೋಲ್ಟುಗಳು ಪ್ರಾಣವನ್ನು ತೆಗೆಯಲು ಸಾಕು. ವಿದ್ಯಾರ್ಥಿಗಳು ಎಂದಿಗೂ ಈ ಕೆಲಸಕ್ಕೆ ಕೈಹಾಕಬಾರದು. ಎರಡು ಯಂತ್ರಗಳನ್ನೂ ಒಂದೇ ಸಾಕೆಟ್ ಹಲಗೆಯಿಂದ ನಡೆಸಿದರೆ ಬಹಳ ಮಟ್ಟಿಗೆ ಸದ್ದು ಇಳಿಯುತ್ತದೆ. ಇನ್ನೊಂದು ಉಪಾಯವೆಂದರೆ ಬೆಳಕಿನ ಎಳೆ: ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯದು, ಆದುದರಿಂದ ಅದು ಬಳೆಯನ್ನು ಪೂರ್ಣಗೊಳಿಸದು. ವಾಹಿನಿಗಳ ಲೆಕ್ಕದಲ್ಲಿ ಸೋತ ಹಾದಿಯು ಇಲ್ಲಿ ಗೆಲ್ಲುತ್ತದೆ.

ದೂರದ ಲೆಕ್ಕ

ಆರು ಧ್ವನಿಗಳೂ ರಿಸೀವರನ್ನು ತಲಪಿದ ಮೇಲೆ ಉಳಿಯುವುದು ಗಾಳಿಯ ಹಾದಿ. ನಮ್ಮ ಮನೆಗಳಲ್ಲಿ ಆಸನವು ಸಾಮಾನ್ಯವಾಗಿ ಹಿಂದಿನ ಗೋಡೆಗೆ ಹತ್ತಿರ. ಎದುರಿನ ಸ್ಪೀಕರುಗಳು 3 ಮೀಟರ್ ದೂರದಲ್ಲಿ, ಹಿಂದಿನವು ಒಂದೂವರೆ ಮೀಟರ್ ದೂರದಲ್ಲಿ ಇವೆಯೆಂದು ಇಟ್ಟುಕೊಳ್ಳೋಣ. ಏಕಕಾಲದಲ್ಲಿ ಹೊರಟರೂ ಹಿಂದಿನ ಶಬ್ದವು ಸೆಕೆಂಡಿನ ಸಾವಿರದ 4.3 ಭಾಗದಷ್ಟು ಮೊದಲು ಕಿವಿಯನ್ನು ಸೇರುತ್ತದೆ. ಒಂದೇ ಶಬ್ದವು ಎರಡು ಕಡೆಗಳಿಂದ ಅಲ್ಪ ಅಂತರದಲ್ಲಿ ಬಂದರೆ, ಮೊದಲು ಬಂದುದರ ದಿಕ್ಕನ್ನೇ ಮಿದುಳು ಒಪ್ಪಿಕೊಳ್ಳುತ್ತದೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿಯು 1949ರಲ್ಲಿ ಇದನ್ನು ವಿವರವಾಗಿ ಪರೀಕ್ಷಿಸಿದನು. ದೂರವನ್ನು ಸರಿದೂಗಿಸದಿದ್ದರೆ ಎದುರಿಗಿರಬೇಕಾದ ಧ್ವನಿಯು ಹಿಂದಕ್ಕೆ ಜಾರೀತು. ಆದುದರಿಂದ ರಿಸೀವರು ಹಿಂದಿನ ವಾಹಿನಿಯ ಸುಮಾರು 208 ಅಳತೆಗಳನ್ನು ತನ್ನ ನೆನಪಿನಲ್ಲಿ ತಡೆದಿಟ್ಟು, ಅಷ್ಟು ತಡವಾಗಿ ಬಿಡುತ್ತದೆ. ಸಂಖ್ಯೆಗಳಾಗಿರುವುದರಿಂದಲೇ ಧ್ವನಿಯನ್ನು ಹೀಗೆ ಕಾಯಿಸುವುದು ಇಷ್ಟು ಸುಲಭವಾಯಿತು.

ಅನೇಕ ರಿಸೀವರುಗಳ ಜೊತೆಯಲ್ಲಿ ಒಂದು ಸಣ್ಣ ಮೈಕ್ ಬರುತ್ತದೆ. ಅದನ್ನು ಆಸನದ ಮೇಲಿಟ್ಟರೆ, ರಿಸೀವರು ಒಂದೊಂದು ಸ್ಪೀಕರಿನಿಂದಲೂ ಸದ್ದು ಹೊರಡಿಸಿ, ಅದು ತಲಪಲು ಹಿಡಿದ ಕಾಲದಿಂದ ದೂರವನ್ನು ತಾನೇ ಕಂಡುಕೊಳ್ಳುತ್ತದೆ. ವಿದ್ಯಾರ್ಥಿಗಳು ಅದಕ್ಕೆ ಮೊದಲು ಟೇಪಿನಿಂದ ದೂರಗಳನ್ನು ಅಳೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ. ಯಂತ್ರದ ಉತ್ತರವನ್ನು ತಮ್ಮ ಅಳತೆಯೊಡನೆ ಹೋಲಿಸಿ ನೋಡಲಿ. ಐದು ಸ್ಪೀಕರುಗಳಲ್ಲಿ ಎರಡೂ ಒಂದಕ್ಕೊಂದು ಸಮೀಪವಾಗಿಯೇ ಇದ್ದು, ಸಬ್‌ವೂಫರಿನ ದೂರ ಮಾತ್ರ ಹೆಚ್ಚಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ. ಅದರೊಳಗಿನ ವಿದ್ಯುತ್ ಸೋಸುಗಗಳು ಧ್ವನಿಯನ್ನು ಸ್ವಲ್ಪ ತಡಮಾಡುತ್ತವೆ. ಯಂತ್ರವು ಆ ತಡವನ್ನೂ ದೂರವೆಂದೇ ಎಣಿಸಿರುತ್ತದೆ. ಎರಡು ಅಳತೆಗಳ ವ್ಯತ್ಯಾಸವನ್ನು 346ರಿಂದ ಭಾಗಿಸಿದರೆ, ಸೋಸುಗಗಳು ಎಷ್ಟು ಕಾಲ ತಡೆದವೆಂಬುದು ಅವರಿಗೇ ಗೊತ್ತಾಗುತ್ತದೆ.